ಮೂರೂಕಾಲಿಗೆ ಮೂರೂವರೆ

"ಯಾರು ಹೊಡೆದಿದ್ದು ಗಂಟೆ?"

ಹೆಡ್ ಮಿಸ್ ಆಫೀಸಿನ ಬಾಗಿಲಿಗೆ ಬರುವಷ್ಟರಲ್ಲಿ ಶಾಲೆ ಅರ್ಧ ಖಾಲಿಯಾಗಿತ್ತು. ದೊಡ್ಡ ಮಕ್ಕಳು ಗೇಟು ದಾಟಿ ಬೀದಿಗೆ ಬಿದ್ದಿದ್ದರು. ಚಿಕ್ಕವರು ಬ್ಯಾಗಿನ ಒಂದು ಪಟ್ಟಿಗೆ ತೋಳು ತೂರಿಸಿ, ಇನ್ನೊಂದನ್ನು ಹುಡುಕುತ್ತ ಓಡುತ್ತಿದ್ದರು.

ವರಾಂಡದ ತುದಿಯಲ್ಲಿ ಕಂಚಿನ ಗಂಟೆಯ ಹಗ್ಗ ಇನ್ನೂ ಅಲುಗುತ್ತಿತ್ತು. ಅದರ ಪಕ್ಕದಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಹಲ್ಲು ಬಿಟ್ಟುಕೊಂಡು ನಿಂತಿದ್ದಳು. ಅವಳ ಎಡಗೈಯಲ್ಲಿ ಶಾಲೆಯ ವಾಚು ಇತ್ತು.

"ನಾನೇ ಮಿಸ್. ಮನೆ ಬೆಲ್. ಮೂರೂವರೆ ಆಯ್ತು."

ಹೆಡ್ ಮಿಸ್ ತಮ್ಮ ಮೊಬೈಲನ್ನು ಅವಳ ಮೂಗಿನ ಮುಂದೆ ಹಿಡಿದರು. ಅದರಲ್ಲಿ ಮೂರು ಗಂಟೆ ಹದಿನೆಂಟು ನಿಮಿಷ ಎಂದಿತ್ತು.

ಹುಡುಗಿಯ ಹಲ್ಲು ಒಳಗೆ ಹೋದವು.

ಅವಳನ್ನು ಎಲ್ಲರೂ ಗಡಿಬಿಡಿ ಎಂದು ಕರೆಯುತ್ತಿದ್ದರು. ಅವಳು ಹುಟ್ಟುವಾಗಲೂ ಡಾಕ್ಟರು ಹೇಳಿದ್ದಕ್ಕಿಂತ ಹದಿನೈದು ದಿನ ಮೊದಲೇ ಬಂದವಳಂತೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವುದು, ಲೇಸು ಕಟ್ಟುವ ಮೊದಲೇ ಓಡುವುದು, ಎರಡು ಮೆಟ್ಟಿಲಿಗೆ ಒಂದು ಹೆಜ್ಜೆ ಹಾಕುವುದು, ಇವೆಲ್ಲ ಅವಳಿಗೆ ಉಸಿರಾಡಿದಷ್ಟೇ ಸಹಜ.

ಆ ಶಾಲೆಯಲ್ಲಿ ಕರೆಂಟ್ ಬೆಲ್ ಕೆಟ್ಟು ಯಾವ ಕಾಲವಾಗಿತ್ತೋ. ಐದನೇ ಕ್ಲಾಸಿನ ಮಕ್ಕಳೇ ಸರದಿಯ ಮೇಲೆ ಗಂಟೆ ಹೊಡೆಯಬೇಕು. ವಾರಕ್ಕೊಬ್ಬರು. ಸೋಮವಾರ ಬೆಳಿಗ್ಗೆ ಹೆಡ್ ಮಿಸ್ ತಾವೇ ಶಾಲೆಯ ವಾಚನ್ನು ಆ ಮಗುವಿನ ಕೈಗೆ ಕಟ್ಟುತ್ತಾರೆ. ಬಿಲ್ಲೆಯಷ್ಟು ಅಗಲದ ಹಳೆಯ ವಾಚು ಅದು. ಪುಟ್ಟ ಕೈಗಳಿಗೆ ಸರಿಹೋಗಲೆಂದು ಅದರ ಪಟ್ಟಿಗೆ ಕೈವಾರದ ಮೊನೆಯಿಂದ ಯಾರ‍್ಯಾರೋ ತೂತು ಮಾಡಿ ಮಾಡಿ, ಅದು ಜರಡಿಯಂತಾಗಿತ್ತು. ಆ ವಾಚು ಕೈಯಲ್ಲಿದ್ದರೆ ಪಾಠದ ನಡುವೆ ಎದ್ದು ಹೊರಗೆ ಹೋಗಬಹುದು, ಯಾರೂ ಕೇಳುವುದಿಲ್ಲ. ಅಂಥ ಮರ್ಯಾದೆ.

ಆ ಮರ್ಯಾದೆ ಈಗ ಮಣ್ಣುಪಾಲಾಗಿತ್ತು.

ಮೇಷ್ಟರುಗಳೂ ಮಿಸ್‌ಗಳೂ ತಮ್ಮ ತಮ್ಮ ವಾಚು ನೋಡಬಾರದಿತ್ತೇ ಎಂದು ನೀವು ಕೇಳಬಹುದು. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಮನೆ ಬೆಲ್ ಹೊಡೆದರೆ ವಾಚು ನೋಡುವ ಮನಸ್ಸು ಯಾರಿಗೆ ಬರುತ್ತದೆ? ಅವರೂ ಮನುಷ್ಯರೇ.

ಆದರೆ ಗೇಟಿನ ಹೊರಗೆ ಯಾರೂ ಇರಲಿಲ್ಲ. ಮಕ್ಕಳನ್ನು ಕರೆದೊಯ್ಯುವವರು ಬರುವುದು ಮೂರೂವರೆಗೆ. ಒಂದನೇ ಕ್ಲಾಸಿನ ಮಿಸ್ ತಮ್ಮ ಮರಿಗಳನ್ನೆಲ್ಲ ವರಾಂಡದಲ್ಲಿ ಕೂರಿಸಿ ಎಣಿಸಿದರು. ಒಂದು ಕಡಿಮೆ ಬಂತು. ಮತ್ತೆ ಎಣಿಸಿದರು. ಆಗಲೂ ಒಂದು ಕಡಿಮೆ.

ನೀಲಿ ಬ್ಯಾಗಿನ ಒಬ್ಬ ಪುಟ್ಟ ಹುಡುಗ ದೊಡ್ಡವರ ಹಿಂದೆಯೇ ನಡೆದುಬಿಟ್ಟಿದ್ದ.

ಹೆಡ್ ಮಿಸ್ ಓಡಿದರು. ಆಫೀಸಿನ ಗುಮಾಸ್ತರು ಇನ್ನೊಂದು ದಿಕ್ಕಿಗೆ ಓಡಿದರು. ಹುಡುಗನ ಅಮ್ಮ ಮೂರೂವರೆಗೆ ಬಂದವರು ವಿಷಯ ತಿಳಿದು ಚಪ್ಪಲಿ ಅಲ್ಲೇ ಬಿಟ್ಟು ಓಡಿದರು. ಕೊನೆಗೆ ಅವನು ತಿರುವಿನ ಸೈಕಲ್ ಅಂಗಡಿಯ ಮುಂದೆ ಸಿಕ್ಕಿದ. ತಲೆಕೆಳಗಾಗಿಟ್ಟ ಸೈಕಲ್ಲಿನ ಚಕ್ರ ತಿರುಗುವುದನ್ನು ಕಣ್ಣು ಮಿಟುಕಿಸದೆ ನೋಡುತ್ತ ಕೂತಿದ್ದನಂತೆ. ಅವನಿಗೆ ಅಳುವೂ ಬಂದಿರಲಿಲ್ಲ. ಅತ್ತದ್ದು ಅವನ ಅಮ್ಮ.

ಆಕೆ ಯಾರನ್ನೂ ಬೈಯಲಿಲ್ಲ. ಮಗನನ್ನು ಎತ್ತಿಕೊಂಡು, ಬಿಟ್ಟ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಬೈದಿದ್ದರೇ ಚೆನ್ನಾಗಿತ್ತು ಎಂದು ಗಡಿಬಿಡಿಗೆ ಅನ್ನಿಸಿತು.

"ಸೋಮವಾರದಿಂದ ಗಂಟೆ ಆಫೀಸಿನವರೇ ಹೊಡೀತಾರೆ," ಎಂದರು ಹೆಡ್ ಮಿಸ್. "ವಾಚು ನನ್ನ ಡ್ರಾಯರಿಗೆ. ಇನ್ನು ಈ ಸರದಿ ಗಿರದಿ ಎಲ್ಲ ಬೇಡ. ನಾನು ಪೇರೆಂಟ್ಸ್ ಹತ್ರ ಮಾತಾಡಿ ಬರೋವರೆಗೂ ಈ ಬೆಂಚಿನ ಮೇಲೆ ಕೂತಿರು."

ಅಲ್ಲಿ ಉಳಿದಿದ್ದ ಐದನೇ ಕ್ಲಾಸಿನವರ ಮುಖಗಳೆಲ್ಲ ಒಟ್ಟಿಗೇ ಅವಳ ಕಡೆ ತಿರುಗಿದವು. ಅವರಲ್ಲಿ ಹೆಚ್ಚಿನವರ ಸರದಿ ಇನ್ನೂ ಬಂದೇ ಇರಲಿಲ್ಲ. ಮುಂದಿನ ವಾರದ್ದು ಅವಳ ಬೆಂಚಿನ ಗೆಳೆಯ ಬಿಸ್ಕತ್ತಿನದು. ಯಾವಾಗ ನೋಡಿದರೂ ಜೇಬಿನಲ್ಲಿ ಒಂದು ಬಿಸ್ಕತ್ತು ಇರುತ್ತಿದ್ದುದರಿಂದ ಅವನಿಗೆ ಆ ಹೆಸರು. ತನ್ನ ವಾರಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಇಟ್ಟುಕೊಂಡವನು ಅವನು.

"ನಿನಗೆ ಟೈಮ್ ನೋಡೋಕೆ ಬರಲ್ವೇನೆ?" ಎಂದ ಬಿಸ್ಕತ್ತು. ಅವನ ಧ್ವನಿ ಸಣ್ಣಗಾಗಿತ್ತು. "ಒಂದೇ ಒಂದು ಬೆಲ್ ಉಳಿದಿತ್ತಲ್ಲೇ ನಿಂದು."

"ಮುಳ್ಳು ಆರರ ಮೇಲೇ ಇತ್ತು ಕಣೋ. ನಾನು ನೋಡ್ದೆ."

"ಸುಳ್ಳು ಹೇಳ್ಬೇಡ."

ಅವನೂ ಹೋದ. ಗಡಿಬಿಡಿ ಒಬ್ಬಳೇ ಬೆಂಚಿನ ಮೇಲೆ ಕೂತಳು.

ಅವಳು ಸುಳ್ಳು ಹೇಳಿರಲಿಲ್ಲ. ಬೆಳ್ಳಿ ಬಣ್ಣದ ಉದ್ದ ಮುಳ್ಳು ನೆಟ್ಟಗೆ ಆರರ ಕಡೆ ಇಳಿದಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಮತ್ತೆ ವಾಚು ನೋಡಿದಳು. ಈಗ ನಾಲ್ಕಕ್ಕೆ ಐದು ನಿಮಿಷ. ಉದ್ದ ಮುಳ್ಳು ಹನ್ನೊಂದರ ಮೇಲಿತ್ತು. ಆರರ ಮೇಲೆ ಏನಿತ್ತು ಹಾಗಾದರೆ?

ಆರರ ಮೇಲೆ ಇದ್ದದ್ದು ಒಂದು ಗೀರು.

ವಾಚಿನ ಗಾಜಿನ ತುಂಬ ಗೀರುಗಳೇ. ವರ್ಷ ವರ್ಷದ ಮಕ್ಕಳು ಗೋಡೆಗೆ, ಕಿಟಕಿಗೆ, ಬೆಂಚಿಗೆ ಉಜ್ಜಿ ಉಜ್ಜಿ ಅದು ಮಂಕಾಗಿತ್ತು. ಆದರೆ ಈ ಒಂದು ಗೀರು ಬೇರೆ ಥರ. ನಡುವಿನಿಂದ ಹೊರಟು ನೇರವಾಗಿ ಆರರವರೆಗೆ, ಸ್ಕೇಲು ಇಟ್ಟು ಎಳೆದ ಹಾಗೆ ಆಳವಾಗಿತ್ತು. ಬಿಸಿಲು ಬಿದ್ದರೆ ಫಳಕ್ಕನೆ ಹೊಳೆಯುತ್ತಿತ್ತು.

ಗಡಿಬಿಡಿ ವಾಚಿನ ಪಕ್ಕದ ಗುಂಡಿಯನ್ನು ಎಳೆದು, ಮುಳ್ಳುಗಳನ್ನು ಹಿಂದಕ್ಕೆ ತಿರುಗಿಸಿದಳು. ಮೂರೂವರೆ. ಮೂರೂ ಇಪ್ಪತ್ತು. ಮೂರೂಕಾಲಿಗೆ ಒಂದು ನಿಮಿಷ ಮೇಲೆ ಬಂದಾಗ ಅವಳ ಕೈ ನಿಂತಿತು.

ಉದ್ದ ಮುಳ್ಳು ಕಾಣೆಯಾಗಿತ್ತು. ಅದು ಹೋಗಿ ಗಿಡ್ಡ ಮುಳ್ಳಿನ ಮೇಲೆ ಸರಿಯಾಗಿ ಕೂತುಬಿಟ್ಟಿತ್ತು. ಮಂಕು ಗಾಜಿನ ಕೆಳಗೆ ಎರಡೂ ಸೇರಿ ಮೂರರ ಹತ್ತಿರ ಒಂದೇ ಮುಳ್ಳಿನಂತೆ ಕಾಣುತ್ತಿದ್ದವು. ಕೆಳಗೆ ಆ ಗೀರು ಬೆಳ್ಳಿ ಮುಳ್ಳಿನ ಹಾಗೆ ಹೊಳೆಯುತ್ತಿತ್ತು. ಯಾರು ನೋಡಿದರೂ ಮೂರೂವರೆ.

ಅವಳು ವಾಚನ್ನು ಹಾಗೇ ಹಿಡಿದುಕೊಂಡು ಆಫೀಸಿಗೆ ಓಡಿದಳು.

"ಮಿಸ್, ನೋಡಿ. ಕಿಟಕಿ ಹತ್ರ ಹಿಡಿದು ನೋಡಿ. ಎಷ್ಟು ಗಂಟೆ ಹೇಳಿ."

ಹೆಡ್ ಮಿಸ್‌ಗೆ ಸಾಕುಸಾಕಾಗಿತ್ತು. ಆದರೂ ವಾಚನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಮೂರೂವ..." ಎಂದವರು ತಡೆದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ವಾಚನ್ನು ಆ ಕಡೆ ಈ ಕಡೆ ವಾಲಿಸಿದರು.

"ಹೌದಲ್ಲ," ಎಂದರು ಮೆಲ್ಲಗೆ. "ಮೂರೂಕಾಲು ಮೂರೂವರೆ ಥರ ಕಾಣ್ತಿದೆ." ಆಮೇಲೆ ಅವಳನ್ನೇ ದಿಟ್ಟಿಸಿದರು. "ಮೂರೂವರೆಗೆ ಗಿಡ್ಡ ಮುಳ್ಳು ಎಲ್ಲಿರ್ಬೇಕು?"

"ಮೂರಕ್ಕೂ ನಾಲ್ಕಕ್ಕೂ ಮಧ್ಯ," ಎಂದಳು ಗಡಿಬಿಡಿ. ತಲೆ ತಾನಾಗಿ ಬಗ್ಗಿತು.

"ಒಂದು ಗಳಿಗೆ ನಿಂತು ನೋಡಿದ್ರೆ ಗೊತ್ತಾಗ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳ್ತಾರಾ? ಅದಿರಲಿ, ಈ ಗೀರು ಯಾವಾಗ ಬಿತ್ತು?"

ಬುಧವಾರ ಮೆಟ್ಟಿಲಿಳಿಯುವಾಗ ವಾಚು ಕಟ್ಟಿದ ಕೈಯನ್ನು ಕಬ್ಬಿಣದ ಜಾಲರಿಯ ಮೇಲೆ ಕರಕರ ಜಾರಿಸುತ್ತ ಬಂದದ್ದು ಯಾರು ಎಂದು ಗಡಿಬಿಡಿಗೆ ಚೆನ್ನಾಗಿ ಗೊತ್ತಿತ್ತು.

"ಗೊತ್ತಿಲ್ಲ ಮಿಸ್," ಎಂದಳು.

ಹೆಡ್ ಮಿಸ್ ಗೀರಿನ ಮೇಲೆ ಒಮ್ಮೆ ಉಗುರಾಡಿಸಿದರು.

"ಈ ಗೀರು ಇರೋ ತನಕ ಈ ವಾಚನ್ನ ಯಾವ ಮಗು ಕೈಗೂ ಕಟ್ಟಲ್ಲ. ಮತ್ತೆ ಯಾರೋ ಒಂದು ಪುಟ್ಟ ಮಗು ಬೀದೀಲಿ ಹೋಗೋದು ಬೇಡ."

"ಗೀರು ಹೋದ್ರೆ ಮಿಸ್? ನಾನು ತೆಗೆಸ್ಕೊಂಡು ಬಂದ್ರೆ? ಬಿಸ್ಕತ್ತು ಹೊಡೀಬಹುದಾ?"

"ಸೋಮವಾರ ಬೆಳಿಗ್ಗೆ ತಂದು ತೋರಿಸು. ಆಮೇಲೆ ನೋಡೋಣ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಗಡಿಬಿಡಿಗೆ ಸಿಕ್ಕಿದ್ದು ಎರಡು ದಿನದ ಆಯಸ್ಸು.

ಶನಿವಾರ ಬೆಳಿಗ್ಗೆ ವಾಚ್ ರಿಪೇರಿ ಅಂಗಡಿಯ ಬಾಗಿಲು ತೆಗೆಯುವಾಗಲೇ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ರಿಪೇರಿಯವರು ಕಣ್ಣಿಗೆ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡು ವಾಚನ್ನು ನೋಡಿದರು. ಗಾಜಿನ ಮೇಲೆ ಉಗುರಿನಿಂದ ಟಕ್ ಟಕ್ ಎಂದು ತಟ್ಟಿದರು.

"ಇದು ಗಾಜಲ್ಲ ಮಗು, ಪ್ಲಾಸ್ಟಿಕ್. ಈ ಅಳತೇದು ಈಗ ಎಲ್ಲೂ ಸಿಗಲ್ಲ. ಬದಲಾಯಿಸೋ ಮಾತೇ ಇಲ್ಲ."

"ಹಾಗಾದ್ರೆ ಏನು ಮಾಡೋದು ಅಂಕಲ್?"

"ಪ್ಲಾಸ್ಟಿಕ್ ಆಗಿರೋದೇ ಒಳ್ಳೇದಾಯ್ತು. ಗೀರನ್ನ ತಿಕ್ಕಿ ತೆಗೀಬಹುದು. ಬೇಕಾದ್ರೆ ಬಿಟ್ಟುಹೋಗು, ಮುಂದಿನ ವಾರ..."

"ನಮ್ಮಮ್ಮ ತಿಕ್ತಾರೆ. ಅವರಿಗೆ ಅದೇ ಕೆಲಸ," ಎಂದು ಗಡಿಬಿಡಿ ವಾಚನ್ನು ಎತ್ತಿಕೊಂಡಳು.

"ಸರಿ, ಆದ್ರೆ ಒಂದು ಮಾತು ಕೇಳು, ಯಾವ ಕಾರಣಕ್ಕೂ ಅದಕ್ಕೆ..."

ಅಷ್ಟರಲ್ಲಿ ಅವಳು ಅಂಗಡಿಯ ಮೆಟ್ಟಿಲಿಳಿದು, ಬೀದಿ ದಾಟಿ, ಆಚೆ ಫುಟ್‌ಪಾತಿನ ಮೇಲಿದ್ದಳು.

ಗಡಿಬಿಡಿಯ ಅಮ್ಮ ಕಾರುಗಳಿಗೆ ಪೇಂಟ್ ಹೊಡೆಯುತ್ತಿದ್ದಳು. ಗುದ್ದಿಸಿಕೊಂಡು, ಗೀಚಿಸಿಕೊಂಡು ಬಂದ ಕಾರುಗಳು ಮೊದಲು ಡೆಂಟಿಂಗ್ ಮಾಮನ ಸುತ್ತಿಗೆಗೆ ಸಿಕ್ಕಿ ನೆಟ್ಟಗಾಗುತ್ತಿದ್ದವು. ಆಮೇಲೆ ಅಮ್ಮನ ಕೈಗೆ ಬಂದು ಹೊಸದಾಗುತ್ತಿದ್ದವು. "ನಾನು ಮೂಳೆ ಡಾಕ್ಟ್ರು, ನಿಮ್ಮಮ್ಮ ಚರ್ಮದ ಡಾಕ್ಟ್ರು" ಎಂದು ಮಾಮ ತಮಾಷೆ ಮಾಡುತ್ತಿದ್ದ.

ಅವಳು ಗ್ಯಾರೇಜಿಗೆ ಬಂದಾಗ ಅಮ್ಮ ಪೇಂಟ್ ರೂಮಿನ ಒಳಗಿದ್ದಳು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಕೆಂಪು ದೀಪ ಇರುವಾಗ ಬಾಗಿಲು ತೆರೆದರೆ ಧೂಳು ಹೋಗಿ ಹಸಿ ಪೇಂಟಿನ ಮೇಲೆ ಕೂರುತ್ತದೆ. ಮನೆಗೆ ಬೆಂಕಿ ಬಿದ್ದರೂ ಬಾಗಿಲು ತಟ್ಟಬಾರದು ಎಂದು ಅಮ್ಮನ ಕಟ್ಟಪ್ಪಣೆ.

ಕಾಯಬಹುದಿತ್ತು. ಆದರೆ ಕಾಯುವುದು ಗಡಿಬಿಡಿಯ ಜಾತಕದಲ್ಲೇ ಇರಲಿಲ್ಲ. 'ಶುರುವಾದರೂ ಮಾಡಿಡೋಣ' ಎಂದುಕೊಂಡಳು. ಶುರು ಹೇಗೆ ಎಂದು ಅವಳಿಗೆ ಗೊತ್ತಿತ್ತು. ಎಂಥ ಕಾರೇ ಬರಲಿ, ಅಮ್ಮ ಮೊದಲು ಮಾಡುವುದು ಒಂದೇ ಕೆಲಸ. ಬಟ್ಟೆಗೆ ಥಿನ್ನರ್ ಹಾಕಿ ಚೆನ್ನಾಗಿ ಒರೆಸುವುದು. ಕೊಳೆ, ಜಿಡ್ಡು ಎಲ್ಲ ಮಾಯ. 'ಒರೆಸದೆ ಕೈ ಹಾಕಬೇಡ' ಎನ್ನುವುದು ಆ ಗ್ಯಾರೇಜಿನ ಮೊದಲ ಪಾಠ.

ಅವಳು ಹತ್ತಿಗೆ ನಾಲ್ಕು ತೊಟ್ಟು ಥಿನ್ನರ್ ಹಾಕಿ, ವಾಚಿನ ಮುಖವನ್ನು ಒಂದು ಸುತ್ತು ಒರೆಸಿದಳು.

ವಾಚು ಮಾಯವಾಯಿತು.

ಪಟ್ಟಿ ಇತ್ತು, ಸುತ್ತಲಿನ ಲೋಹದ ಬಳೆ ಇತ್ತು. ಆದರೆ ಒಳಗೆ ಅಂಕೆಯಿಲ್ಲ, ಮುಳ್ಳಿಲ್ಲ, ಏನೂ ಇಲ್ಲ. ಪ್ಲಾಸ್ಟಿಕ್ಕು ಹಾಲು ಸುರಿದಂತೆ ಬೆಳ್ಳಗಾಗಿತ್ತು. ಅವಳು ಅಂಗಿಯ ತುದಿಯಿಂದ ಉಜ್ಜಿದಳು. ಬಾಯಿಯಿಂದ ಹಬೆ ಬಿಟ್ಟು ಉಜ್ಜಿದಳು. ಬಿಳಿ ಹೋಗಲಿಲ್ಲ. ಒಳಗಿನಿಂದ ಟಿಕ್ ಟಿಕ್ ಸದ್ದು ಮಾತ್ರ ಬರುತ್ತಿತ್ತು.

ಡೆಂಟಿಂಗ್ ಮಾಮ ಬಗ್ಗಿ ನೋಡಿದ.

"ಗಣಪತಿ ಮಾಡಕ್ಕೆ ಹೋಗಿ ಅವರಪ್ಪನ್ನ ಮಾಡಿದಂಗಾಯ್ತಲ್ಲೇ," ಎಂದ. ಅವಳ ಕಣ್ಣು ತುಂಬಿದ್ದನ್ನು ಕಂಡು ನಗುವನ್ನು ನುಂಗಿಕೊಂಡ. "ಅಳ್ಬೇಡ. ಅಮ್ಮ ಬರಲಿ."

ಅಮ್ಮ ಬರಲು ಇನ್ನೂ ಅರ್ಧ ಗಂಟೆ ಬೇಕಾಗಿತ್ತು. ಕೆಂಪು ದೀಪವನ್ನೇ ನೋಡುತ್ತ ಗಡಿಬಿಡಿ ಹಳೆಯ ಟೈರಿನ ಮೇಲೆ ಕೂತಳು. ಅವಳ ಬದುಕಿನಲ್ಲೇ ಅಷ್ಟು ಹೊತ್ತು ಅವಳು ಒಂದೇ ಕಡೆ ಕೂತಿರಲಿಲ್ಲ. ವಾಚು ಹೋಯಿತು. ಸರದಿ ಹೋಯಿತು. ಬಿಸ್ಕತ್ತು ಇನ್ನು ಅವಳ ಪಕ್ಕ ಕೂರುವುದಿಲ್ಲ. ಐದನೇ ಕ್ಲಾಸು ಇರುವ ತನಕ, ಗಂಟೆ ಕಳೆದವಳು ಇವಳೇ ಎಂದು ಮಕ್ಕಳು ಬೆರಳು ಮಾಡಿ ತೋರಿಸುತ್ತಾರೆ.

ದೀಪ ಆರಿತು. ಅಮ್ಮ ಮುಖದ ಮಾಸ್ಕನ್ನು ಹಣೆಗೇರಿಸಿಕೊಂಡು ಹೊರಗೆ ಬಂದಳು. ಮೂಗಿನ ಸುತ್ತ ಮಾಸ್ಕಿನ ಗುರುತು ಕೆಂಪಗೆ ಬಿದ್ದಿತ್ತು. ಮಗಳ ಅಂಗೈಯಲ್ಲಿದ್ದ ವಾಚನ್ನು ನೋಡಿದಳು, ಮೂಸಿದಳು.

"ಥಿನ್ನರ್ ಹಾಕಿದ್ಯಾ?"

"ಹ್ಞೂಂ."

"ಕಾರಿನ ತಗಡಿಗೆ ಹಾಕೋದನ್ನ ಪ್ಲಾಸ್ಟಿಕ್ಕಿಗೆ ಹಾಕಿದ್ರೆ ಅದು ಕರಗಲ್ವಾ ಕೂಸೇ? ಲೈಟಿನ ಕವರಿಗೆ ನಾನು ಯಾವತ್ತಾದ್ರೂ ಥಿನ್ನರ್ ಮುಟ್ಟಿಸಿದ್ದು ನೋಡಿದೀಯಾ?"

ನೋಡಿರಲಿಲ್ಲ. ನೋಡಿಲ್ಲ ಎನ್ನುವುದನ್ನೂ ಗಡಿಬಿಡಿ ಈ ತನಕ ನೋಡಿರಲಿಲ್ಲ. ಅವಳು ಬಿಕ್ಕುತ್ತ ಶುಕ್ರವಾರದ ಕತೆಯನ್ನೆಲ್ಲ ಹೇಳಿದಳು. ಬುಧವಾರದ ಕತೆಯನ್ನು ಮಾತ್ರ ಬಿಟ್ಟಳು.

ಅಮ್ಮ ಪ್ಲಾಸ್ಟಿಕ್ಕಿನ ಮೇಲೆ ಉಗುರಾಡಿಸಿ ನೋಡಿದಳು. "ಒಂದೇ ಸುತ್ತು ಒರೆಸಿದ್ದಲ್ವಾ? ಮೇಲಿನ ಪದರ ಮಾತ್ರ ಹೋಗಿದೆ. ಒಳಗೆ ಗಟ್ಟಿ ಇದೆ. ಬಾ, ಕೂತ್ಕೋ."

"ಸರಿ ಮಾಡ್ತೀಯಾ ಅಮ್ಮಾ?"

"ನಾನ್ಯಾಕೆ ಮಾಡ್ಲಿ? ನನಗೆ ಇನ್ನೊಂದು ಬಾನೆಟ್ ಕಾಯ್ತಿದೆ. ನೀನು ಮಾಡ್ತೀಯ. ನಾನು ಹೇಳ್ತೀನಿ."

ಅಮ್ಮ ಮೊದಲು ವಾಚಿನ ಲೋಹದ ಬಳೆಗೆ ಸುತ್ತಲೂ ಪೇಪರ್ ಟೇಪು ಅಂಟಿಸಿದಳು. ಆಮೇಲೆ ಬೂದು ಬಣ್ಣದ ಮೂರು ಬಗೆಯ ವಾಟರ್ ಪೇಪರ್ ತುಂಡುಗಳನ್ನು ತಂದಳು. ನೀರು ಹಚ್ಚಿ ಉಜ್ಜುವ ಮರಳು ಕಾಗದ ಅದು. ಮೊದಲನೆಯದು ಸಾವಿರ ನಂಬರ್, ಎರಡನೆಯದು ಸಾವಿರದ ಐನೂರು, ಮೂರನೆಯದು ಎರಡು ಸಾವಿರ. ನಂಬರ್ ಏರಿದಷ್ಟೂ ಕಾಗದ ನಯ. ಗಡಿಬಿಡಿಯ ಪೆನ್ಸಿಲ್ ಡಬ್ಬಿಯಿಂದ ರಬ್ಬರ್ ತೆಗೆದು, ಸಾವಿರ ನಂಬರಿನ ಕಾಗದವನ್ನು ಅದಕ್ಕೆ ಸುತ್ತಿ ಕೊಟ್ಟಳು.

"ಬೆರಳ ತುದಿಯಷ್ಟೇ ನೀರು. ಜಾಸ್ತಿ ಹಾಕಿದ್ರೆ ವಾಚಿನ ಒಳಗೆ ಹೋಗುತ್ತೆ. ಇಲ್ಲಿಂದ ಅಲ್ಲಿಗೆ, ಒಂದೇ ದಿಕ್ಕಲ್ಲಿ ಉಜ್ಜು. ಗೀರಿನ ಮೇಲೆ ಮಾತ್ರ ಅಲ್ಲ, ಪೂರ್ತಿ."

ಗಡಿಬಿಡಿ ಗಾಬರಿಯಾದಳು. "ಇದರಲ್ಲಿ ಉಜ್ಜಿದ್ರೆ ಇನ್ನೂ ಗೀರು ಬೀಳಲ್ವಾ?"

"ಬೀಳುತ್ತೆ. ಬೀಳ್ಲೇಬೇಕು. ಆಳವಾದ ಗೀರಿನ ತಳ ಸಿಗೋ ತನಕ ಸುತ್ತಲಿನ ಜಾಗವನ್ನೂ ಇಳಿಸ್ಬೇಕು. ಅಲ್ಲಿ ತನಕ ನೋಡೋಕೆ ಕೆಟ್ಟದಾಗೇ ಇರುತ್ತೆ. ಹೆದರಿ ನಡುವೆ ನಿಲ್ಲಿಸಿದ್ರೆ ಮಾತ್ರ ಕೆಡ್ತು."

ಅವಳು ಉಜ್ಜತೊಡಗಿದಳು. ಸರ್, ಸರ್, ಸರ್. ಹಾಲಿನಂಥ ನೀರು ಬಂತು. ಒರೆಸಿದಳು. ಮತ್ತೆ ಉಜ್ಜಿದಳು. ಥಿನ್ನರಿನ ಬಿಳಿ ಹೋಗಿ ಅದರ ಜಾಗದಲ್ಲಿ ಬೂದು ಮಂಜು ಬಂತು. ನೂರರ ತನಕ ಎಣಿಸಿದಳು. ಕೈ ಬದಲಿಸಿ ಇನ್ನೂ ನೂರು.

"ಆಯ್ತಾ ಅಮ್ಮಾ?"

"ನನ್ನ ಕೇಳ್ಬೇಡ. ವಾಚನ್ನ ಕೇಳು."

ವಾಚನ್ನು ಬೆಳಕಿಗೆ ವಾಲಿಸಿದಳು. ಹಳೆಯ ಸಣ್ಣಪುಟ್ಟ ಗೀರುಗಳೆಲ್ಲ ಹೋಗಿದ್ದವು. ಯಾವ ಯಾವ ವರ್ಷದ, ಯಾವ ಯಾವ ಮಕ್ಕಳು ಮಾಡಿದ್ದೋ, ಅವೆಲ್ಲ ಆ ಹಾಲಿನ ನೀರಿನಲ್ಲಿ ಕೊಚ್ಚಿಹೋಗಿದ್ದವು. ಒಂದೇ ಒಂದು ಉಳಿದಿತ್ತು. ನಡುವಿನಿಂದ ಆರರವರೆಗೆ.

ಮತ್ತೆ ನೂರು. ಅದು ಹಾಗೇ ಇತ್ತು. ಇನ್ನೂ ನೂರು. ಬೆರಳ ತುದಿಗಳು ನೀರಿನಲ್ಲಿ ನೆನೆದು ಸುಕ್ಕುಗಟ್ಟಿದವು. ಎಲ್ಲರ ಗೀರೂ ಹೋಯಿತು, ತನ್ನದು ಮಾತ್ರ ಹೋಗುತ್ತಿಲ್ಲ.

"ಅಮ್ಮಾ," ಎಂದಳು ಉಜ್ಜುತ್ತಲೇ, ತಲೆ ಎತ್ತದೆ. "ಈ ಗೀರು ನಾನೇ ಮಾಡಿದ್ದು. ಬುಧವಾರ. ಜಾಲರಿಗೆ ಉಜ್ಜಿದೆ. ಮಿಸ್ ಕೇಳಿದಾಗ ಗೊತ್ತಿಲ್ಲ ಅಂದೆ."

ಬಾನೆಟ್ಟಿನ ಮೇಲಿದ್ದ ಅಮ್ಮನ ಕೈ ಒಂದು ಸಲ ನಿಂತು, ಮತ್ತೆ ಆಡಿತು.

"ಎಷ್ಟು ಆಳ ಇದೆ ಈಗ?"

"ಉಗುರಿಗೆ ಸ್ವಲ್ಪ ಸಿಗುತ್ತೆ."

"ಹಾಗಾದ್ರೆ ಇನ್ನೂ ಸ್ವಲ್ಪ ಇದೆ."

ಅಷ್ಟೇ. ಗಡಿಬಿಡಿಗೆ ಯಾಕೋ ಕೈ ಹಗುರವಾದಂತೆ ಅನ್ನಿಸಿತು. ಎಣಿಸುವುದನ್ನು ಬಿಟ್ಟು ಉಜ್ಜಿದಳು. ಊಟದ ಹೊತ್ತು ಬಂತು, ಹೋಯಿತು. ಕೊನೆಗೊಮ್ಮೆ ಉಗುರಾಡಿಸಿದರೆ ಎಲ್ಲೂ ತಡೆಯಲಿಲ್ಲ. ಗೀರು ಇರಲಿಲ್ಲ. ಇದ್ದದ್ದು ಒಂದೇ ದಿಕ್ಕಿನ ಸಾವಿರ ನಂಬರಿನ ಸಣ್ಣ ಗೆರೆಗಳು ಮಾತ್ರ.

"ಈಗ ನೀರಲ್ಲಿ ಕೈ ತೊಳ್ಕೊ. ಒಂದು ಹರಳು ಮರಳು ಉಳಿದ್ರೂ ಮತ್ತೆ ಗೀರು. ಮುಂದಿನ ಕಾಗದವನ್ನ ಅಡ್ಡಕ್ಕೆ ಉಜ್ಜು. ಉದ್ದ ಗೆರೆ ಎಲ್ಲ ಹೋಗಿ ಬರೀ ಅಡ್ಡ ಗೆರೆ ಉಳಿದಾಗ, ಆ ಕಾಗದದ ಕೆಲಸ ಮುಗೀತು ಅಂತ. ಆಮೇಲೆ ಕೊನೇದನ್ನ ಮತ್ತೆ ಉದ್ದಕ್ಕೆ."

ಇದು ಗಡಿಬಿಡಿಗೆ ಬಹಳ ಹಿಡಿಸಿತು. ಯಾರನ್ನೂ ಕೇಳಬೇಕಾಗಿರಲಿಲ್ಲ. ಗೆರೆಗಳೇ ಹೇಳುತ್ತಿದ್ದವು. ಅಡ್ಡ. ಉದ್ದ. ಎರಡು ಸಾವಿರ ನಂಬರ್ ಮುಗಿಯುವಷ್ಟರಲ್ಲಿ ಗೆರೆಗಳು ಕಣ್ಣಿಗೇ ಕಾಣದಷ್ಟು ನಯವಾಗಿದ್ದವು. ಆದರೂ ವಾಚು ಚಳಿಗಾಲದ ಬೆಳಗಿನ ಕಿಟಕಿಯಂತೆ ಮಂಜಾಗಿಯೇ ಇತ್ತು.

ಅಮ್ಮ ಒಂದು ಡಬ್ಬಿಯ ಮುಚ್ಚಳ ತೆಗೆದಳು. ಬೆಣ್ಣೆಯಂಥ ಪಾಲಿಶು. ಕಾಳಿನಷ್ಟು ತೆಗೆದು ವಾಚಿನ ಮೇಲಿಟ್ಟು, ಹಳೆಯ ಬನಿಯನ್ ತುಂಡು ಕೊಟ್ಟಳು.

"ಈಗ ಸುತ್ತು ಸುತ್ತು. ಮೆತ್ತಗೆ. ಬೆಕ್ಕಿನ ತಲೆ ಸವರಿದ ಹಾಗೆ."

ಡೆಂಟಿಂಗ್ ಮಾಮನೂ ಸುತ್ತಿಗೆ ಕೆಳಗಿಟ್ಟು ಬಂದು ನಿಂತ. ಗಡಿಬಿಡಿ ಸುತ್ತಿದಳು. ಸುತ್ತಿದಳು. ಒರೆಸಿದಳು.

ಮಂಜಿನ ನಡುವೆ ಹನ್ನೆರಡು ಕಾಣಿಸಿತು.

ಆಮೇಲೆ ಒಂದು, ಎರಡು, ಮೂರು. ಇನ್ನೊಂದು ಚೂರು ಪಾಲಿಶು. ಇನ್ನಷ್ಟು ಸುತ್ತು. ಮುಳ್ಳುಗಳು ಬಂದವು. ಸೆಕೆಂಡಿನ ಮುಳ್ಳು ಕೂದಲೆಳೆಯಷ್ಟು ತೆಳ್ಳಗೆ, ಕೆಂಪಗೆ, ಕುಣಿಯುತ್ತ ಬಂತು. ಅದು ಕೆಂಪು ಎಂದೇ ಅವಳಿಗೆ ಗೊತ್ತಿರಲಿಲ್ಲ. ಅಂಕೆ ಅಂಕೆಗಳ ನಡುವೆ ನಾಲ್ಕು ನಾಲ್ಕು ಪುಟ್ಟ ಗೆರೆಗಳು ಇದ್ದವು, ನಿಮಿಷಕ್ಕೊಂದರಂತೆ. ಅವನ್ನಂತೂ ಈ ಶಾಲೆಯಲ್ಲಿ ಎಷ್ಟೋ ವರ್ಷಗಳಿಂದ ಯಾರೂ ಕಂಡಿರಲಿಕ್ಕಿಲ್ಲ.

"ನೀರಿನ ಕೆಳಗಿದ್ದಂಗಿದೆ," ಎಂದ ಮಾಮ. "ಗಾಜು ಇದೆಯೋ ಇಲ್ವೋ ಅಂತ ಬೆರಳಿಟ್ಟು ನೋಡ್ಬೇಕು."

ಅಮ್ಮ ವಾಚನ್ನು ಬೆಳಕಿಗೆ ಹಿಡಿದು ಎಲ್ಲ ಕಡೆ ವಾಲಿಸಿದಳು. ಕಾರುಗಳನ್ನು ನೋಡುವಂತೆಯೇ ಒಂದು ಕಣ್ಣು ಮುಚ್ಚಿ ನೋಡಿದಳು. ಅವಳು ಮೆಚ್ಚಿದರೆ ಮಾತಾಡುವವಳಲ್ಲ, ಒಂದು ಸಲ ತಲೆ ಆಡಿಸುತ್ತಾಳೆ. ತಲೆ ಆಡಿಸಿದಳು.

ಗಡಿಬಿಡಿಯ ಹೊಟ್ಟೆ ತುಂಬಿತು. ನಿಜ ಹೇಳಬೇಕೆಂದರೆ ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಹೆಡ್ ಮಿಸ್ ಮೇಜಿನ ಮೇಲೆ ವಾಚನ್ನಿಟ್ಟಳು. ಮೂರೂಕಾಲಿಗೆ ಒಂದು ನಿಮಿಷ ಮೇಲೆ ಮಾಡಿಯೇ ಇಟ್ಟಿದ್ದಳು. ಬಾಗಿಲಿನ ಹೊರಗೆ ಇಡೀ ಐದನೇ ಕ್ಲಾಸು ಒಬ್ಬರ ಹೆಗಲ ಮೇಲೊಬ್ಬರು ಇಣುಕುತ್ತಿತ್ತು.

ಹೆಡ್ ಮಿಸ್ ವಾಚನ್ನು ಕಿಟಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಹೊಸ ಗಾಜು ಹಾಕಿಸಿದ್ರಾ?"

"ಇಲ್ಲ ಮಿಸ್, ಅದೇ. ಉಜ್ಜಿದ್ದು." ಒಂದೇ ಉಸಿರಿಗೆ ಮುಂದಿನದನ್ನೂ ಹೇಳಿದಳು. ತಡೆದರೆ ಹೇಳಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಗೀರು ಯಾವಾಗ ಬಿತ್ತು ಅಂತ ಕೇಳಿದ್ರಲ್ಲ ಮಿಸ್. ಬುಧವಾರ. ನಾನೇ ಮಾಡಿದ್ದು. ಗೊತ್ತಿಲ್ಲ ಅಂತ ಸುಳ್ಳು ಹೇಳ್ದೆ."

ಬಾಗಿಲಲ್ಲಿ ಇಣುಕುತ್ತಿದ್ದ ತಲೆಗಳು ಇನ್ನೊಂದಿಷ್ಟು ಒಳಗೆ ಚಾಚಿದವು.

"ಬುಧವಾರದಿಂದ ನೀನು ಕೈ ಹಿಂದೆ ಕಟ್ಕೊಂಡು ಮೆಲ್ಲಗೆ ನಡೀತಿದ್ದೆ," ಎಂದರು ಹೆಡ್ ಮಿಸ್. "ಅಷ್ಟು ಶಿಸ್ತನ್ನ ನಿನ್ನಲ್ಲಿ ಯಾವತ್ತೂ ಕಂಡಿರಲಿಲ್ಲ. ಆಗಲೇ ಅಂದ್ಕೊಂಡೆ, ಏನೋ ಆಗಿದೆ ಅಂತ." ಅವರು ವಾಚನ್ನು ಸರಿಯಾದ ಸಮಯಕ್ಕೆ ತಿರುಗಿಸಿದರು. "ಈ ವಾರ ಯಾರದು?"

"ನಂದು ಮಿಸ್," ಎಂದ ಬಿಸ್ಕತ್ತು, ಎಲ್ಲರ ಕಾಲುಗಳ ಸಂದಿಯಿಂದ.

"ಬಾ. ಮೊದಲು ಕೈ ಒರೆಸ್ಕೊ." ಅವನ ಕೈಗೆ ವಾಚು ಕಟ್ಟುತ್ತ, ಗಡಿಬಿಡಿಯ ಕಡೆ ನೋಡದೆಯೇ ಹೇಳಿದರು. "ಶುಕ್ರವಾರದ ಮನೆ ಬೆಲ್ ಸರಿಯಾಗಿ ಹೊಡೆದಿಲ್ಲ. ಅದೊಂದು ಉಳಿದಿದೆ. ಇವತ್ತಿನದನ್ನ ಅವಳೇ ಹೊಡೀಲಿ."

ಐದನೇ ಕ್ಲಾಸು ಹಾಕಿದ ಕೇಕೆಗೆ ಗುಮಾಸ್ತರು ಪೆನ್ನು ಬೀಳಿಸಿದರು.

ಮಧ್ಯಾಹ್ನ ಮೂರೂ ಹತ್ತಕ್ಕೇ ಗಡಿಬಿಡಿ ವರಾಂಡದಲ್ಲಿದ್ದಳು. ಬಿಸ್ಕತ್ತು ವಾಚು ಬಿಚ್ಚಿ ಅವಳ ಕೈಗೆ ಕಟ್ಟಿ, ಪಕ್ಕದಲ್ಲೇ ನಿಂತ. ಹಗ್ಗ ಅವಳ ಬಲಗೈಯಲ್ಲಿತ್ತು.

ಉದ್ದ ಮುಳ್ಳು ನಿಮಿಷದ ಗೆರೆಗಳನ್ನು ಒಂದೊಂದಾಗಿ ದಾಟುತ್ತ ಬಂತು. ಮೂರೂಕಾಲು. ಇನ್ನೊಂದು ಗೆರೆ. ಉದ್ದ ಮುಳ್ಳು ಗಿಡ್ಡ ಮುಳ್ಳಿನ ಮೇಲೆ ಕೂತಿತು. ಆದರೆ ಈಗ ಅದರ ತುದಿ ಗಿಡ್ಡದನ್ನು ದಾಟಿ ಹೊರಗೆ ಚಾಚಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಕೆಳಗೆ ಆರರ ಮೇಲೆ ಬಿಸಿಲು ಬಿದ್ದಿತ್ತು. ಅಲ್ಲಿ ಬಿಸಿಲಲ್ಲದೆ ಬೇರೇನೂ ಇರಲಿಲ್ಲ.

"ಹೊಡೀತೀಯೇನೆ?" ಎಂದು ಬಿಸ್ಕತ್ತು ಹಲ್ಲು ಕಿರಿದ.

"ಸುಮ್ನಿರೋ," ಎಂದಳು ಗಡಿಬಿಡಿ. ಅವಳಿಗೂ ನಗು ಬಂತು.

ಗೇಟಿನಾಚೆಯ ಬೀದಿ ಖಾಲಿ ಇತ್ತು. ಮೂರೂ ಇಪ್ಪತ್ತಕ್ಕೆ ಒಬ್ಬ ಮುದುಕರು ಕೊಡೆ ಊರಿಕೊಂಡು ಬಂದು ಗೋಡೆಯ ನೆರಳಲ್ಲಿ ನಿಂತರು. ಇಪ್ಪತ್ತೈದಕ್ಕೆ ಮೂವರು. ಕಿಟಕಿಗಳಿಂದ ಮಕ್ಕಳು ಕತ್ತು ಚಾಚಿ, "ಏ ಗಡಿಬಿಡಿ, ಸಾಕು, ಹೊಡಿಯೇ" ಎಂದು ಪಿಸುಗುಟ್ಟಿದರು. ಅವಳು ಅಲುಗಲಿಲ್ಲ. ಇಪ್ಪತ್ತೆಂಟಕ್ಕೆ ಬೀದಿಯ ತಿರುವಿನಲ್ಲಿ ನೀಲಿ ಬ್ಯಾಗಿನ ಹುಡುಗನ ಅಮ್ಮ ಕಾಣಿಸಿಕೊಂಡರು. ಕೆಲಸದ ಮೇಲಂಗಿ ಇನ್ನೂ ಮೈಮೇಲಿತ್ತು. ನಡೆಯುತ್ತಲೇ ಅದಕ್ಕೆ ಒದ್ದೆ ಕೈ ಒರೆಸಿಕೊಳ್ಳುತ್ತ, ಅರ್ಧ ಓಡುತ್ತ ಬರುತ್ತಿದ್ದರು. ಅವರ ಕೈಯಲ್ಲಿ ವಾಚು ಇರಲಿಲ್ಲ. ಅವರ ಕಣ್ಣು ಗೇಟಿನ ಮೇಲಿತ್ತು, ಕಿವಿ ಈ ಗಂಟೆಯ ಮೇಲಿತ್ತೆಂದು ಗಡಿಬಿಡಿಗೆ ಈಗ ಗೊತ್ತಾಯಿತು.

ಅವಳು ಹಗ್ಗವನ್ನು ಇನ್ನೂ ಬಿ‌ಗಿಯಾಗಿ ಹಿಡಿದಳು. ಎರಡು ಗೆರೆ ಉಳಿದಿತ್ತು. ಒಂದು ಗೆರೆ. ಕೆಂಪು ಮುಳ್ಳು ಕೊನೆಯ ಸುತ್ತು ಸುತ್ತಿ ಮೇಲಕ್ಕೆ ಬಂತು.

ಢಣ್. ಢಣ್. ಢಣ್. ಢಣ್.

ಬಾಗಿಲುಗಳು ತೆರೆದವು. ಮಕ್ಕಳು ನೀರಿನಂತೆ ಹರಿದು ಹೋದರು. ಗೇಟಿನಲ್ಲಿ ಒಂದೊಂದು ಪುಟ್ಟ ಕೈಗೂ ಒಂದೊಂದು ದೊಡ್ಡ ಕೈ ಸಿಕ್ಕಿತು. ಬ್ಯಾಗುಗಳು ಹೆಗಲಿನಿಂದ ಹೆಗಲಿಗೆ ಬದಲಾದವು. ಯಾರೂ ಓಡಲಿಲ್ಲ, ಯಾರೂ ಯಾರನ್ನೂ ಹುಡುಕಲಿಲ್ಲ. ಗಂಟೆಯ ಕಡೆಗಾಗಲಿ, ಅದನ್ನು ಹೊಡೆದ ಹುಡುಗಿಯ ಕಡೆಗಾಗಲಿ ಒಬ್ಬರೂ ತಿರುಗಿ ನೋಡಲಿಲ್ಲ.

ಬೀದಿ ಪೂರ್ತಿ ಖಾಲಿಯಾಗುವ ತನಕ ಗಡಿಬಿಡಿ ಅಲ್ಲೇ ನಿಂತು ನೋಡಿದಳು. ಆಮೇಲೆ ವಾಚು ಬಿಚ್ಚಿ ಬಿಸ್ಕತ್ತಿಗೆ ಕೊಟ್ಟು, ಕೂತು, ಎರಡೂ ಬೂಟಿನ ಲೇಸು ಕಟ್ಟಿಕೊಂಡು ಮನೆಗೆ ನಡೆದಳು.